ಲಿಂಗಪ್ಪಣ್ಣ ನೆಟ್ಟಗೆ ಮಾಡಿದ ಟವರ್

ಮನುಷ್ಯ ಹೊಸ ವಿದ್ಯೆ ಕಲಿತರೆ ಮನೆಯವರಿಗೆ ಉಪದ್ರ. ಇಂಜಿನಿಯರು ಕಲಿತರೆ ಇಡೀ ಊರಿಗೆ. ಆ ವರ್ಷ ನಾನು ಪ್ಯಾರಾಮೆಟ್ರಿಕ್ ಡಿಸೈನ್ ಕಲಿತಿದ್ದೆ. ಬಿಸಿಲು ಎತ್ತಣದ್ದು, ಮಳೆ ಎಲ್ಲಿಂದ ಬಡಿಯುತ್ತದೆ, ಕಿಟಕಿಯಿಂದ ಏನು ಕಾಣಬೇಕು ಎಂದು ಕಂಪ್ಯೂಟರಿಗೆ ಹೇಳಿದರೆ, ಕಟ್ಟಡದ ಮುಖಕ್ಕೆ ನಿಲ್ಲಿಸುವ ಕಬ್ಬಿಣದ ಅಗಲ ಪಟ್ಟಿಗಳಲ್ಲಿ ಯಾವುದು ಎಷ್ಟು ತಿರುಗಬೇಕೆಂದು ಅದೇ ಲೆಕ್ಕ ಹಾಕುತ್ತದೆ. ಒಂದರಂತೆ ಇನ್ನೊಂದಿಲ್ಲ. ಊಟಕ್ಕೆ ಕುಳಿತರೂ ನನ್ನದು ಇದೇ ವಿವರಣೆ. ಹೆಂಡತಿ ಸಾರು ಬಡಿಸಿ ಎದ್ದು ಹೋಗುತ್ತಿದ್ದಳು.

ಪಾಣೆಮಂಗಳೂರಿನ ಹಾಜಿಯವರು ಗಲ್ಫಿನಿಂದ ಬಂದು, ಕೆಳಗೆ ಅಂಗಡಿ, ಮೇಲೆ ಮನೆಗಳಿರುವ ಟವರ್ ಕಟ್ಟಿಸಲು ಹೊರಟಾಗ ನನ್ನ ಕೈಗೆ ಸಿಕ್ಕಿಬಿದ್ದರು. ಅವರ ತಾಯಿ, ಎಲ್ಲರ ಬಾಯಲ್ಲೂ ಉಮ್ಮ, ಹೊಳೆಬದಿಯಲ್ಲೇ ಬದುಕಿದವರು. ಗಂಡ ದೋಣಿ ನಡೆಸುತ್ತಿದ್ದ ನೇತ್ರಾವತಿ ಅದು. "ಕೋಣೆಯಿಂದ ಹೊಳೆ ಕಂಡರೆ ಬರ್ತೇನೆ. ಇಲ್ಲದಿದ್ದರೆ ಕನ್ಯಾನಕ್ಕೆ, ಮಗಳ ಮನೆಗೆ" ಎಂದಿದ್ದರು. "ಕಾಣ್ತದೆ ಉಮ್ಮ, ಕಂಪ್ಯೂಟರೇ ಹೇಳಿದೆ" ಎಂದು ನಾನು ಭಾಷೆ ಕೊಟ್ಟೆ.

ಪಟ್ಟಿ ಕೂರಿಸುವ ಕೆಲಸ ಬೆಳುವಾಯಿಯ ಲಿಂಗಪ್ಪಣ್ಣನದು. ಅಷ್ಟರಲ್ಲಿ ನನಗೆ ಜ್ವರ. ಎದ್ದು ಬಂದು ನೋಡುತ್ತೇನೆ, ಪಟ್ಟಿಗಳೆಲ್ಲ ಶಾಲೆಯ ಡ್ರಿಲ್ಲಿನಂತೆ ಒಂದೇ ದಿಕ್ಕಿಗೆ ನಿಂತಿವೆ!

"ನಕ್ಷೆಯಲ್ಲಿ ಒಂದೊಂದೂ ಓರೆಕೋರೆ ಇತ್ತು ಸಾರ್" ಎಂದ ಲಿಂಗಪ್ಪಣ್ಣ. "ಪಾಪ, ಜ್ವರ ಆಗಲೇ ಶುರುವಾಗಿತ್ತು ಅಂತ ಎಣಿಸಿದೆ. ಎಲ್ಲ ಸರಿ ಮಾಡಿ ವೆಲ್ಡಿಂಗ್ ಹಾಕಿದ್ದೇನೆ. ನಿಮ್ಮ ಹೆಸರು ಹಾಳಾಗಬಾರದಲ್ಲ?"

ಹಾಜಿಯವರಿಗೂ ಖುಷಿ. "ಈಗ ಚಂದ ಉಂಟು ಮಾರಾಯ್ರೆ. ನಕ್ಷೆಯಲ್ಲಿದ್ದದ್ದು ನನಗೆ ಹಿಡಿಸಿರಲಿಲ್ಲ. ನಿಮಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ."

ಉಮ್ಮ ಮಾತ್ರ ತಮ್ಮ ಕೋಣೆಯ ಕಿಟಕಿಯ ಬಳಿ ನಿಂತಿದ್ದರು. ಎದುರಿಗೆ ಬರೀ ಕಬ್ಬಿಣ. "ನನ್ನ ಗಂಟು ಕಟ್ಟು ಮಗಾ, ಕನ್ಯಾನಕ್ಕೆ ಹೋಗುವ" ಎಂದರು ಹಾಜಿಯವರಿಗೆ. ನನ್ನನ್ನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ನನಗೆ ಅಳುವೇ ಬಂತು.

ಲಿಂಗಪ್ಪಣ್ಣ ಹೊರಗಿನ ಅಟ್ಟಣೆ ಹತ್ತಿ, ಆ ಕಿಟಕಿಯೆದುರಿನ ಪಟ್ಟಿಯ ವೆಲ್ಡಿಂಗ್ ಕತ್ತರಿಸಿ ಮೆಲ್ಲಗೆ ತಿರುಗಿಸತೊಡಗಿದ. "ಉಮ್ಮ, ಸಾಕಾದಾಗ ಹೇಳಿ."

"ಇನ್ನು ಸ್ವಲ್ಪ... ಇನ್ನೂ... ಆಂ, ಸಾಕು! ಕಾಣ್ತದೆ, ಕಾಣ್ತದೆ."

ಉಮ್ಮ ಕಿಟಕಿಯ ಸರಳು ಹಿಡಿದು ಅಲ್ಲೇ ಕೂತುಬಿಟ್ಟರು. ಕನ್ಯಾನದ ಮಾತು ಮತ್ತೆ ಬರಲಿಲ್ಲ.

ಇಡೀ ಟವರಿನಲ್ಲಿ ಪ್ಯಾರಾಮೆಟ್ರಿಕ್ ಎನ್ನಬಹುದಾದದ್ದು ಅದೊಂದೇ ಪಟ್ಟಿ. ಅದನ್ನೂ ಲೆಕ್ಕ ಹಾಕಿದವನು ನಾನಲ್ಲ. ಈಗಲೂ ಬಸ್ಸಿನಲ್ಲಿ ಸಿಕ್ಕಿದ ಪರಿಚಯದವರು ಕಿವಿಯ ಹತ್ತಿರ ಬಂದು ಹೇಳುವುದುಂಟು: "ನಿಮ್ಮ ಬಿಲ್ಡಿಂಗ್ ಭಾರೀ ಚಂದ ಸಾರ್. ಒಂದು ಪಟ್ಟಿ ಮಾತ್ರ ಸೊಟ್ಟ ಆಗಿದೆ. ಲಿಂಗಪ್ಪಣ್ಣನಿಗೆ ಹೇಳಿ, ಸರಿ ಮಾಡಿಕೊಡ್ತಾರೆ."