ಹಣಮಪ್ಪನ ದಯೆ, ಕುಸುಬಿ ಎಣ್ಣೆ

ಗೆದ್ದ ಆಟಗಾರನ ಬಾಯಿಗೆ ಮೈಕು ಹಿಡಿದರೆ ಮೊದಲು ಹೊರಬೀಳುವ ಹೆಸರು ದೇವರದು. ಓಡುವವರು, ಬ್ಯಾಟು ಬೀಸುವವರು, ಭಾರ ಎತ್ತುವವರು, ಎಲ್ಲರದೂ ಒಂದೇ ಮಾತು. ಟಿ.ವಿ. ಮುಂದೆ ಕೂತ ನನ್ನ ಹೆಂಡತಿ ಅಲ್ಲಿಂದಲೇ ಕೈಮುಗಿಯುತ್ತಾಳೆ. ನಾನು ರಿಮೋಟು ಹುಡುಕುತ್ತೇನೆ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಶನಿವಾರ ತಪ್ಪದೆ ಹಣಮಪ್ಪನ ಗುಡಿಗೆ ಹೋಗುವವನು ನಾನು. ಆದರೆ ಆ ಮಾತನ್ನು ನಾನೂ ಒಮ್ಮೆ ಮೈಕಿನಲ್ಲಿ ಹೇಳಿದ್ದೇನೆ, ಹೇಳುವಾಗ ನನ್ನ ಬೆನ್ನಿಗೆ ಏನು ಹತ್ತಿತ್ತು ಎಂಬುದು ನನಗೆ ಗೊತ್ತು. ಮೊನ್ನೆ ಭಾರ ಎತ್ತಿದ ಹುಡುಗಿಯೊಬ್ಬಳು "ಎಲ್ಲ ದೇವರ ದಯೆ" ಎಂದಾಗ ಹೆಂಡತಿ ಹೆಮ್ಮೆಯಿಂದ ನನ್ನ ಕಡೆ ತಿರುಗಿ, "ಥೇಟ್ ನಿಮ್ಮಂಗ ಅಂದ್ಲು ನೋಡ್ರಿ" ಎಂದಳು. ಅಂದು ಊಟ ಸೇರಲಿಲ್ಲ.

ಗದಗ ಹೊಸ ಜಿಲ್ಲೆಯಾದಾಗಿನ ಮಾತು ಇದು. ಆಗ ಕಂಡಕಂಡದ್ದಕ್ಕೆಲ್ಲ 'ಜಿಲ್ಲಾ' ಎಂಬ ಬೋರ್ಡು ಬಿತ್ತು. ಕುಸ್ತಿಯೂ ಜಿಲ್ಲಾ ಕುಸ್ತಿಯಾಯಿತು. ಅಲ್ಲಿಯತನಕ ಧಾರವಾಡದ ಪೈಲವಾನರ ಹಿಂದೆ ಸಾಲಿನಲ್ಲಿ ನಿಲ್ಲುತ್ತಿದ್ದ ನಮಗೆ, ನಮ್ಮದೇ ಜಿಲ್ಲೆಯ ಹೆಸರಿನ ಬನಿಯನ್ನು ತೊಟ್ಟು ರಾಜ್ಯಮಟ್ಟಕ್ಕೆ ಹೋಗುವ ಯೋಗ ಬಂತು. ನಮ್ಮ ತೂಕದಲ್ಲಿ ಕೊನೆಗೆ ಉಳಿದವರು ಇಬ್ಬರು: ಹತ್ತಿ ಅಂಗಡಿಯ ಗುಮಾಸ್ತನಾದ ನಾನು, ಲಕ್ಷ್ಮೇಶ್ವರದಲ್ಲಿ ಹತ್ತಿ ತುಂಬಿ ಗಾದಿ ಹೊಲಿಯುವ ಇಮಾಮಸಾಬ. ಇಬ್ಬರೂ ಒಂದೇ ಗರಡಿಯಲ್ಲಿ ಬೆಳೆದವರು, ಇಬ್ಬರಿಗೂ ನಲವತ್ತು ಹತ್ತಿರವಾಗಿತ್ತು. ಇದು ತಪ್ಪಿದರೆ ಮುಂದೆ ಇಲ್ಲ. ಅವನ ಹಿಡಿತ ಎಂಥದೆಂದರೆ, ಒಮ್ಮೆ ಕುತ್ತಿಗೆಗೆ ಕೈ ಹಾಕಿದನೆಂದರೆ ಬಿಡಿಸಲು ತೀರ್ಪು ಕೊಡುವ ಪಂಚರೇ ಬರಬೇಕು.

ನಮ್ಮಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುವುದೇನಿದ್ದರೂ ಹಿಂದಿನ ದಿನ. ಕುಸ್ತಿಯ ದಿನ ಮೈ ಒಣಗಿರಬೇಕು; ಕಣದ ಕೆಂಪು ಮಣ್ಣನ್ನು ಎದುರಾಳಿಗಳು ಒಬ್ಬರ ಮೈಗೊಬ್ಬರು ಸವರಿ, ಆಮೇಲೆ ಕೈ ಕೂಡಿಸಬೇಕು. ನಾನು ಅಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕುತ್ತಿಗೆಗೂ ಬೆನ್ನಿಗೂ ಕುಸುಬಿ ಎಣ್ಣೆ ಹಚ್ಚಿಕೊಂಡೆ. ಇಮಾಮಸಾಬ ಪ್ರೀತಿಯಿಂದ ಸವರಿದ ಮಣ್ಣು ಅದರ ಮೇಲೆ ಎಷ್ಟು ಚೆಂದ ಕೂತಿತೆಂದರೆ ಪಂಚರ ಕಣ್ಣಿಗೆ ಎಣ್ಣೆ ಕಾಣಲೇ ಇಲ್ಲ. ಅವನು ಮೂರು ಸಲ ಕುತ್ತಿಗೆಗೆ ಕೈ ಹಾಕಿದ, ಮೂರು ಸಲವೂ ಜಾರಿತು. ನಾಲ್ಕನೆಯ ಸಲ ಅವನೇ ಜಾರಿದ, ನಾನು ಅವನ ಎರಡೂ ಭುಜ ಮಣ್ಣಿಗೆ ಹತ್ತಿಸಿ ಚಿತ್ ಮಾಡಿದೆ. ಮೈಕು ಬಂತು. "ಇದು ನನ್ನ ಗೆಲುವಲ್ಲ, ಹಣಮಪ್ಪನ ದಯೆ" ಎಂದೆ. ಚಪ್ಪಾಳೆಯೋ ಚಪ್ಪಾಳೆ. ರಾಜ್ಯಮಟ್ಟದಲ್ಲಿ ಮೊದಲ ಕುಸ್ತಿಯಲ್ಲೇ, ಪ್ರೇಕ್ಷಕರು ಸರಿಯಾಗಿ ಕೂರುವ ಮೊದಲೇ ಸೋತೆ. ಅಲ್ಲಿ ಯಾರೂ ಮೈಕು ಕೊಡಲಿಲ್ಲ.

ಊಟ ಸೇರದ ಮರುದಿನ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಇಮಾಮಸಾಬನ ಗಡ್ಡ ಬೆಳ್ಳಗಾಗಿದೆ, ಅಂಗಡಿ ಅದೇ. ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ಅವನು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ.

"ಇಷ್ಟು ಹೇಳಾಕ ಬಂದಿ? ನನಗ ಅವತ್ತ ಗೊತ್ತಾಗಿತ್ತಲೇ. ಎರಡು ದಿನ ಕೈ ತೊಳದ್ರೂ ವಾಸನಿ ಹೋಗಲಿಲ್ಲ. 'ಕುಸ್ತಿಗೆ ಹೋಗಿದ್ರೋ, ಮಿರ್ಚಿ ಕರಿಯಾಕ ಹೋಗಿದ್ರೋ' ಅಂತ ನನ್ನ ಹೇಣ್ತಿ ಕೇಳಿದ್ಲು."

"ಮತ್ತ ಪಂಚರಿಗೆ ಯಾಕ ಹೇಳಲಿಲ್ಲೋ?"

"ಹೇಳಾಕ ಹೊಂಟಿದ್ದೆ. ಅಷ್ಟರಾಗ ನೀ ಮೈಕ್ ಹಿಡದು ಹಣಮಪ್ಪನ್ನ ಕರದಿ. ಎಣ್ಣಿ ಮ್ಯಾಲೆ ತಕರಾರ ಮಾಡಬಹುದಿತ್ತು. ಹಣಮಪ್ಪನ ಮ್ಯಾಲೆ ಈ ಇಮಾಮಸಾಬ ತಕರಾರ ಮಾಡಿದ್ರ ಮಂದಿ ಏನಂತಿದ್ರು, ನೀನ ವಿಚಾರ ಮಾಡು."

ಇಷ್ಟು ವರ್ಷ ನಾನು ಎಣ್ಣೆಯೊಂದೇ ನನ್ನ ತಪ್ಪು ಎಂದುಕೊಂಡಿದ್ದೆ. ದೇವರಿಗೆ ಕೀರ್ತಿ ಕೊಟ್ಟದ್ದಾದರೂ ಪುಣ್ಯದ ಕಡೆ ಇರಲಿ ಎಂಬ ಆಸೆಯೂ ಇತ್ತು. ನಾನು ಹಣಮಪ್ಪನಿಗೆ ಕೊಟ್ಟದ್ದು ಕೀರ್ತಿಯಲ್ಲ, ಕಳವಿನ ಮಾಲು ಕಾಯುವ ಕೆಲಸ. ಆ ಕಾವಲಿನ ಮುಂದೆ ನನ್ನ ಗೆಳೆಯ ಬಾಯಿ ಮುಚ್ಚಿಕೊಂಡು ನಿಂತಿದ್ದ. ನಾನು ಕಾಲು ಮುಟ್ಟಲು ಬಗ್ಗಿದೆ.

"ಏ, ಅದೆಲ್ಲಾ ಬ್ಯಾಡ. ಅಂಗಿ ಕಳಿ" ಎಂದ.

ತಮಾಷೆ ಎಂದುಕೊಂಡೆ. ಅವನು ಎದ್ದು, ದಪ್ಪ ಟವೆಲಿನಿಂದ ನನ್ನ ಬೆನ್ನು, ಕುತ್ತಿಗೆ ಉಜ್ಜಿದ. ಆಮೇಲೆ ಅಂಗೈಯಿಂದ ಸವರಿ, ಮೂಸಿ ನೋಡಿ, "ಹೂಂ, ಒಣಾ ಐತಿ" ಎಂದ. ಅಂಗಡಿಯ ನಡುವೆ ಹಾಸಿದ್ದ ಹೊಸ ಗಾದಿಯ ಮೇಲೆ ಇಬ್ಬರೂ ಕೈ ಕೂಡಿಸಿದೆವು. ಅವನ ಕೈ ನನ್ನ ಕುತ್ತಿಗೆಗೆ ಬಂತು. ಜಾರಲಿಲ್ಲ. ಚಹಾ ತಂದ ಅವನ ಹೆಂಡತಿ, "ಅಯ್ಯ, ಮದವಿ ಗಾದಿರೀ ಅದು!" ಎಂದು ಕೂಗುವಷ್ಟರಲ್ಲಿ ನನ್ನ ಎರಡೂ ಭುಜ ಹತ್ತಿಗೆ ಹತ್ತಿದ್ದವು.

ಅವನು ನನ್ನ ಎದೆಯ ಮೇಲಿಂದ ಏಳದೆ ಏದುಸಿರು ಬಿಡುತ್ತಿದ್ದ. ಬೆಳ್ಳಗಿನ ಗಡ್ಡದೊಳಗೆ ಹಲ್ಲು ಕಾಣುವಷ್ಟು ನಗು.

"ನೀನೂ ಒಂದ್ ಮಾತು ಹೇಳು, ದೇವರ ದಯಾ ಅಂತ" ಎಂದೆ.

"ಇಲ್ಲಲೇ, ಇದು ಪೂರಾ ನಂದು" ಎಂದ.

ಗದಗಿಗೆ ಬಂದು ಮನೆಯ ಮೆಟ್ಟಿಲು ಹತ್ತುವಾಗ ಸೊಂಟ ಹಿಡಿದುಕೊಂಡಿತು. ಮನಸ್ಸು ಮಾತ್ರ ಹಗುರವಾಗಿತ್ತು. ಇನ್ನು ಮೇಲೆ ಯಾರ ಮುಂದೆಯೂ ಸುಳ್ಳಾಡಲಾರೆ ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೇ ಬಂದಿದ್ದೆ. ಹೆಂಡತಿ ಗಾಬರಿಯಿಂದ, "ಏನಾತ್ರೀ ಸೊಂಟಕ್ಕ?" ಎಂದು ಕೇಳಿದಳು.

"ಹಾಳು ಬಸ್ಸು, ಭಾಳ ಕುಲುಕಿತು ನೋಡು" ಎಂದೆ.