ನಮ್ಮ ಮನೆಯ ಗೊರಕೆ

ಗೊರಕೆ ಹೊಡೆಯುವವರು ಯಾವಾಗಲೂ ಬೇರೆಯವರೇ. ನಾನಂತೂ ಮದುವೆಯಾದಂದಿನಿಂದ ಹಾಗೆಯೇ ನಂಬಿದ್ದೆ. ನನ್ನ ಗಂಡ ವಲೇರಿಯನ್‌ಗೆ ಕುಂಬಳೆಯಲ್ಲಿ ಪೈಂಟಿನ ಅಂಗಡಿ. ಅಂಗಡಿಯಲ್ಲಿ ಮೆತ್ತಗೆ ಮಾತಾಡುವ ಮನುಷ್ಯ, ಮಲಗಿದರೆ ಮರ ಕೊಯ್ಯುವ ಮಿಲ್ಲು. ನಾನು ವಿದ್ಯಾನಗರದ ಒಂದು ಕಚೇರಿಯಲ್ಲಿ ಕ್ಲಾರ್ಕು. ಏಳುವಾಗಲೇ ತಲೆನೋವು, ಮಧ್ಯಾಹ್ನ ಊಟವಾದರೆ ಫೈಲಿನ ಮೇಲೆ ಹಣೆ. ಸೆಕ್ಷನ್ನಿನವರು ಕೇಳಿದರೆ "ಎಂತ ಮಾಡುವುದು ಮಾರಾಯ್ರೇ, ನಮ್ಮವರ ಗೊರಕೆ" ಎಂದು ನಿಟ್ಟುಸಿರು ಬಿಡುತ್ತಿದ್ದೆ. "ಅಯ್ಯೋ ಪಾಪ" ಅನ್ನುತ್ತಿದ್ದರು. ಆ ಅಯ್ಯೋ ಪಾಪ ಹಿತವಾಗಿಯೇ ಇತ್ತು.

ಒಂದು ಸಂಜೆ ಕಚೇರಿಯಿಂದ ಬರುವಾಗ, ಹೆದ್ದಾರಿಯಲ್ಲಿ ಸ್ಕೂಟರ್ ಓಡಿಸುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿಹೋಯಿತು. ತೆರೆದರೆ ನಾನು ಚರಂಡಿಯಲ್ಲಿ, ಸ್ಕೂಟರ್ ನನ್ನ ಮೇಲೆ! ಒಂದು ಕ್ಷಣ ಮೊದಲು ನಾನಿದ್ದ ಜಾಗದಲ್ಲೇ ಟ್ಯಾಂಕರ್ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಮೊಣಕೈ ತರಚಿದ್ದು ಬಿಟ್ಟರೆ ಎಂತದೂ ಆಗಲಿಲ್ಲ. "ನಿಮ್ಮ ಗೊರಕೆ ನನ್ನ ಜೀವ ತೆಗೆಯುತ್ತದೆ" ಎಂದು ಮರುದಿನವೇ ಇವರನ್ನು ಕಾಸರಗೋಡಿಗೆ, ಶ್ವಾಸಕೋಶದ ಡಾಕ್ಟ್ರಲ್ಲಿಗೆ ಎಳೆದುಕೊಂಡು ಹೋದೆ.

ಡಾಕ್ಟ್ರು ಇನ್ನೂ ಸಣ್ಣ ಪ್ರಾಯದ ಹೆಂಗಸು. ಹಗಲು ತೂಕಡಿಕೆ ಉಂಟಾ, ಬಿ.ಪಿ. ಉಂಟಾ ಎಂದು ಇವರನ್ನು ಕೇಳಿ, ಟೈಲರಿನ ಹಾಗೆ ಕುತ್ತಿಗೆಗೆ ಟೇಪು ಸುತ್ತಿ ಅಳೆದರು. ಡಾಕ್ಟ್ರಿಗೆ ಕೇಸಿನ ಗಂಭೀರತೆ ತಿಳಿಯಲಿ ಎಂದು ನಾನು ಚರಂಡಿಯ ಕಥೆ ಹೇಳಿದೆ.

"ಚರಂಡಿಗೆ ಬಿದ್ದದ್ದು ಇವರಾ, ನೀವಾ?"

"ನಾನು."

ಟೇಪು ನನ್ನ ಕುತ್ತಿಗೆಗೆ ಬಂತು. "ಇವರಿಗೆ ಗೊರಕೆ ಉಂಟಾ?" ಎಂದು ಡಾಕ್ಟ್ರು ವಲೇರಿಯನ್‌ನ ಮುಖ ನೋಡಿದರು. ಇವರು ನನ್ನ ಮುಖ ನೋಡಿದರು, ಆಮೇಲೆ ಫ್ಯಾನು ನೋಡಿದರು.

"ಉಂಟು ಡಾಕ್ಟ್ರೇ. ಗೊರಕೆಗೆ ನನಗೆ ಹೆದರಿಕೆ ಇಲ್ಲ. ನಡುವೆ ಒಮ್ಮೆಲೇ ನಿಲ್ಲುತ್ತದೆ, ಉಸಿರೇ ಇರುವುದಿಲ್ಲ. ಆಗ ಭುಜ ಹಿಡಿದು ಅಲುಗಿಸುತ್ತೇನೆ."

"ಇವರಿಗೆ ಹೇಳಲಿಲ್ಲವಾ?"

"ಒಮ್ಮೆ ಹೇಳಿದೆ. ಒಂದು ವಾರ ಮಾತು ಬಿಟ್ಟಳು."

ನಿದ್ರೆಯಲ್ಲಿದ್ದ ನನ್ನನ್ನು ಇವರು ಸುಮ್ಮನೆ ಅಲುಗಿಸಿ ಎಬ್ಬಿಸುತ್ತಾರೆಂದು ನಾನು ಎಷ್ಟು ಬೈದಿದ್ದೆ! ಈ ಮನುಷ್ಯ ನನ್ನ ಉಸಿರು ಕಾಯುತ್ತಾ ಎಚ್ಚರ ಕೂತಿದ್ದರಂತೆ.

ಇಬ್ಬರಿಗೂ ನಿದ್ರೆಯ ಪರೀಕ್ಷೆಯಾಯಿತು. ಇವರದು ಬರೀ ಸದ್ದು. ನನ್ನದು ಸ್ಲೀಪ್ ಆಪ್ನಿಯಾ, ಗಂಟಲಿನ ದಾರಿ ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ; ಕುತ್ತಿಗೆ ದಪ್ಪವಿದ್ದವರಿಗೆ ಹೆಚ್ಚಂತೆ. ವರ್ಷಗಟ್ಟಲೆ ಬಿ.ಪಿ. ಮಾತ್ರೆ ನುಂಗುತ್ತಿದ್ದೆ. ನಿದ್ರೆಯ ವಿಷಯ ಆ ಮಾತ್ರೆ ಕೊಡುವ ಡಾಕ್ಟ್ರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಿ.ಪಿ. ಏರುವುದಕ್ಕೂ ಇದೇ ಕಾರಣವಿರಬಹುದೆಂದು ಈ ಡಾಕ್ಟ್ರು ಅಲ್ಲಿಂದಲೇ ಅವರಿಗೆ ಫೋನು ಮಾಡಿದರು. ಮೂಗಿಗೆ ಗಾಳಿ ಊದುವ ಮೆಷಿನಿನ ಮಾಸ್ಕು ಕಟ್ಟಲು ಕಲಿಸುವವಳೊಬ್ಬಳು ಬಂದಳು, ನನ್ನ ಅನ್ನದ ರಾಶಿ ಕೇಳಿ ಕಣ್ಣರಳಿಸಿದ ಪಥ್ಯದವಳೊಬ್ಬಳು. "ನಿಮ್ಮ ಯಜಮಾನರೂ ನಮ್ಮ ಟೀಮಿನಲ್ಲಿ ಇರಬೇಕು" ಅಂದರು ಡಾಕ್ಟ್ರು. ಪೈಂಟಿನ ಅಂಗಡಿಯವರು ಎದೆ ಉಬ್ಬಿಸಿಕೊಂಡು ಹೊರಬಂದರು.

ಮಾಸ್ಕು ಮೊದಮೊದಲು ಉಸಿರು ಕಟ್ಟಿಸಿದಂತಾಯಿತು, ಎರಡು ಸಲ ಕಿತ್ತೆಸೆದೆ. ಇವರು ಕಲಿಸುವವಳಿಗೆ ಫೋನು ಮಾಡಿ ಕೇಳಿ, ಮಾಸ್ಕಿನ ಪಟ್ಟಿ ಸರಿಮಾಡಿದರು. ಒಂದು ಬೆಳಿಗ್ಗೆ ಎದ್ದಾಗ ತಲೆ ನೋಯುತ್ತಿರಲಿಲ್ಲ. ಹಾಗೆಯೂ ಏಳಬಹುದೆಂಬುದೇ ನನಗೆ ಮರೆತುಹೋಗಿತ್ತು.

ಈಗ ಕಚೇರಿಯಲ್ಲಿ ಯಾರಾದರೂ ತೂಕಡಿಸಿದರೆ ನಾನು ಬಿಡುವುದಿಲ್ಲ. ಬಿ.ಪಿ. ಉಂಟಾ, ಉಸಿರು ನಿಲ್ಲುತ್ತದಾ, ಹೆಂಡತಿಯ ಹತ್ತಿರ ಕೇಳಿದ್ದೀರಾ? ಮೊನ್ನೆ ಸೂಪರಿಂಟೆಂಡೆಂಟರ ಕುತ್ತಿಗೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದೆ, ಅವರು ಕಾಲರಿನ ಗುಂಡಿ ಹಾಕಿಕೊಂಡರು. ಅಯ್ಯೋ ಪಾಪ ಅನ್ನುವವರು ಈಗ ಯಾರೂ ಇಲ್ಲ. ಆಕಳಿಕೆ ಬಂದವರೆಲ್ಲ ನನ್ನ ಟೇಬಲು ತಪ್ಪಿಸಿ, ವರಾಂಡ ಸುತ್ತಿ ಹೋಗುತ್ತಾರೆ.