ಕುರಿ ಬಾನಿಯಲ್ಲಿ ಮಾವನ ಹಡಗು

ಅಂಗಡಿ ಇಟ್ಟುಕೊಂಡವನು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ, ನಗು ತಾನೇ ಕಟ್ಟೆ ಹತ್ತಿ ಬರುತ್ತದೆ. ಸೋನ್ಯಾಳದಲ್ಲಿ ನಮ್ಮದು ಅರಿವೆ ಅಂಗಡಿ. ಟೆರಿಲಿನ್ ಬಂದ ಹೊಸದರಲ್ಲಿ ಗಿರಾಕಿಗಳು ದಿನಾ ಬಂದು ಅದನ್ನು ಸವರಿ, ಹೊಗಳಿ, ಕೊನೆಗೆ ಧೋತರ ಕೊಂಡು ಹೋಗುತ್ತಿದ್ದರು. ಅವರನ್ನು ಅಷ್ಟು ಹೊತ್ತು ಕೂಡಿಸುತ್ತಿದ್ದದ್ದು ಅರಿವೆಯಲ್ಲ, ನಮ್ಮ ಸೋದರಮಾವ. ದೊಡ್ಡ ಯುದ್ಧದ ಕಾಲದಲ್ಲಿ ಮನೆ ಬಿಟ್ಟು ಓಡಿಹೋಗಿ, ಬ್ರಿಟಿಷರ ಯುದ್ಧದ ಹಡಗಿನಲ್ಲಿ ದುಡಿದು ಬಂದವರು. ನಮ್ಮೂರಲ್ಲಿ ಆಗ ಸಮುದ್ರ ಕಂಡವರು ಅವರೊಬ್ಬರೇ. ಹಾಗಾಗಿ ಅವರ ಮಾತು ನಂಬುವವರೂ ಅವರೊಬ್ಬರೇ ಆಗಿದ್ದರು.

ಉಪ್ಪುನೀರು

ಮಾವನನ್ನು ಎಲ್ಲರಿಗಿಂತ ಹೆಚ್ಚು ಕಾಡಿದವನು ಕುರಿಗಾರ ಅಜ್ಜ. ದೊಡ್ಡ ಹಿಂಡಿನ ಯಜಮಾನ, ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಬಾಯಿ.

"ಹಡಗ ಎಷ್ಟ ಉದ್ದ ಇತ್ತೋ?"

"ನಮ್ಮ ಅಂಗಡಿಯಿಂದ ಗುಡೀತನಕ."

"ಕಬ್ಬಿಣದ್ದು?"

"ಕಬ್ಬಿಣದ್ದ."

"ಸುತ್ತ ಏನಿತ್ತು?"

"ನೀರು. ಎಲ್ಲಿ ನೋಡಿದ್ರೂ ನೀರ."

ಅಜ್ಜನ ಕಣ್ಣು ಅರಳಿದವು. ನಮ್ಮ ಬರದ ಸೀಮೆಯಲ್ಲಿ ನೀರಿನ ಸುದ್ದಿ ಅಂದರೆ ಸುಮ್ಮನೆಯೇ? "ಕುಡಿಯಾಕ ಚಲೋ ಇತ್ತೇನು?"

"ಕುಡಿಯಾಕ ಬರಂಗಿಲ್ಲ. ಬರೀ ಉಪ್ಪು."

ಅಜ್ಜ ಎದ್ದು ರುಮಾಲು ಸರಿಮಾಡಿಕೊಂಡ. "ಕಬ್ಬಿಣ ತೇಲತದಂತ, ನೀರು ಕುಡಿಯಾಕ ಬರಂಗಿಲ್ಲಂತ! ನಿನ್ನ ಹಡಗ ತೇಲೂದು ನನ್ನ ಕಣ್ಣಿಗೆ ತೋರಸು, ಈ ರುಮಾಲ ತಗದು ನಿನ್ನ ತಲೀಗೆ ಸುತ್ತತೀನಿ. ಅಲ್ಲೀತನಕ ಅರಿವಿ ಅಷ್ಟ ಅಳಿ. ಅದರಾಗೂ ಒಂದೀಟು ಹೆಚ್ಚಿಗೆ ಹೇಳತಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾವ ಮಾತ್ರ ಗಜಕೋಲು ತೆಗೆದುಕೊಂಡು ಅಳೆದಿಟ್ಟ ಅರಿವೆಯನ್ನೇ ಮತ್ತೆ ಅಳೆಯತೊಡಗಿದರು. ಆ ಮುಖ ನೋಡಿ ನನಗೆ ಕೆಡುಕೆನಿಸಿತು.

ಒಡೆದ ಮಾಲು

ಮುಂದೆ ಸೀರೆ ತರಲು ಮುಂಬಯಿಗೆ ಹೋದಾಗ ಆಟಿಕೆ ಸಾಮಾನಿನ ಅಂಗಡಿಯೊಂದರ ಗಾಜಿನ ಹಿಂದೆ ಒಂದು ಡಬ್ಬಿ ಕಂಡಿತು. ಮೇಲೆ ಹಡಗಿನ ಚಿತ್ರ, ಕೆಳಗೆ ಇಂಗ್ಲಿಷ್ ಹೆಸರು. ಆ ಅಕ್ಷರಗಳನ್ನು ಸಣ್ಣಂದಿನಿಂದ ನೋಡಿದ್ದೆ, ಮಾವನ ಮುಂಗೈ ಮೇಲಿನ ಹಚ್ಚೆಯಲ್ಲಿ! ಒಳಗೆ ಓಡಿದೆ.

ವ್ಯಾಪಾರಸ್ಥನಲ್ಲವೇ, ಡಬ್ಬಿ ಬಿಚ್ಚಿ ತೋರಿಸು ಅಂದೆ. ಬಿಚ್ಚಿದರೆ ಒಳಗೆ ಹಡಗೇ ಇಲ್ಲ, ನೂರೆಂಟು ಚೂರು.

"ಅಯ್ಯ, ಎಲ್ಲಾ ಒಡದು ಹೋಗೇದಲ್ರಿ! ಒಡದ ಮಾಲಿಗೆ ಅರ್ಧಾ ಕಿಮ್ಮತ್ತು ಕೊಡತೀನಿ" ಎಂದು ಮರಾಠಿಯಲ್ಲಿ ಜಗಳಕ್ಕೆ ನಿಂತೆ.

ಅಂಗಡಿಯವ ತಾಳ್ಮೆಯಿಂದ ಹೇಳಿದ, "ಶೇಠ್, ಇದು ಹೀಗೇ ಇರತದ. ನೀವ ಅಂಟು ಹಚ್ಚಿ ಜೋಡಸಬೇಕು."

"ರೊಕ್ಕಾನೂ ನಾನ ಕೊಡೂದು, ಕೂಲೀನೂ ನಾನ ಮಾಡೂದು?" ಅಂದೆ. "ನಾಳಿಯಿಂದ ನಾನೂ ಗಿರಾಕಿಗೆ ನೂಲಿನ ಉಂಡಿ ಕೊಟ್ಟು, ಮನ್ಯಾಗ ಸೀರಿ ನೇಯ್ಕೋರಿ ಅಂತೀನಿ!"

ಸವತಿ

ಊರಿಗೆ ತಂದು ಡಬ್ಬಿಯನ್ನು ಮಾವನ ಮುಂದಿಟ್ಟೆ. ಅವರು ಹೆಸರಿನ ಮೇಲೆ ಬೆರಳಾಡಿಸುತ್ತ ಕೂತರು. ಮಾತಾಡಿದವಳು ನಮ್ಮ ಅತ್ತೆ. ಗಂಡನ ಕೈ ಎಳೆದು ಡಬ್ಬಿಯ ಪಕ್ಕಕ್ಕಿಟ್ಟು, "ಒಂದೊಂದ ಅಕ್ಷರ ಹೋಲಿಸಿ ನೋಡಿ ಹೇಳೋ. ಎರಡೂ ಒಂದ ಹೆಸರ ಅದ ಏನು?" ಎಂದಳು.

ನೋಡಿದೆ. "ಒಂದ ಅದರಿ ಅತ್ತಿ."

ಅತ್ತೆ ಅಲ್ಲೇ ನೆಲಕ್ಕೆ ಕೂತಳು. "ಮದವಿಯಾದ ದಿನದಿಂದ ಕೇಳೀನಿ, ಇದ್ಯಾರ ಹೆಸರ್ರಿ ಅಂತ. ಹಡಗಿಂದು ಅಂತಿದ್ರು. ಹಡಗಕ್ಕ ಯಾರರ ಹೆಸರ ಇಡತಾರೇನು ಅಂತ ನಾ ಅಳತಿದ್ದೆ. ಹಂಗಾರ ಇಷ್ಟು ವರ್ಷ ನಾ ಒಂದು ಹಡಗಿನ ಮ್ಯಾಲ ಹೊಟ್ಟಿಕಿಚ್ಚು ಪಟ್ನೇನು?"

ಬಾಯ್ಲರ್ ಖೋಲಿ

ಜೋಡಿಸುವ ಕೆಲಸ ಅಂಗಡಿಯಲ್ಲೇ ನಡೆಯಿತು. ಒಮ್ಮೆ ಗಿರಾಕಿಯ ಧೋತರಕ್ಕೆ ಹಡಗಿನ ಪುಟಾಣಿ ತೋಪೊಂದು ಅಂಟಿಕೊಂಡು ಮನೆತನಕ ಹೋಗಿತ್ತು. ಅರ್ಧ ಆದಮೇಲೆ ಮಾವ ಕೇಳಿದರು, "ಬಾಯ್ಲರ್ ಎಲ್ಲೈತಿ?"

"ಒಳಗೆಲ್ಲಾ ಖಾಲಿ ಅದರಿ ಮಾವ."

"ನಾ ದುಡದ ಜಾಗಾನ ಇಲ್ಲ?" ಅವರಿಗೆ ಭಾಳ ಬೇಜಾರಾಯಿತು. ಕೊನೆಗೆ ಖಾಲಿ ನೂಲಿನ ರೀಲೊಂದನ್ನು ಒಳಗೆ ಅಂಟಿಸಿ ಮೇಲೆ ಮುಚ್ಚಿದರು. ಪೂರ್ತಿಯಾದ ಹಡಗನ್ನು ಎತ್ತಿ ಹಿಡಿದು, "ಹೊರಗಿಂದ ಇಷ್ಟು ಚಂದ ಇತ್ತೇನು ಇದು!" ಎಂದರು.

ನಾನು ಬೆಪ್ಪಾದೆ. "ನೀವು ನೋಡಿರಲಿಲ್ಲೇನ್ರಿ?"

"ಹತ್ತೂಮುಂದ ಕತ್ತಲಿ, ಇಳಿಯೂಮುಂದ ಕತ್ತಲಿ. ನಡುವ ಇದ್ದದ್ದೆಲ್ಲಾ ಕೆಳಗ, ಬಾಯ್ಲರ್ ಮುಂದ."

"ಮತ್ತ ಇಷ್ಟು ವರ್ಷ ಗುಡೀತನಕ ಉದ್ದ, ತೋಪು, ಬಣ್ಣ ಅಂತ ಹೇಳಿದ್ದು?"

"ಮ್ಯಾಲ ಇದ್ದವರು ನನಗ ಹೇಳಿದ್ರು. ನಾ ಅವರನ್ನ ನಂಬಿದೆ. ಈ ಊರಾಗಷ್ಟ ಯಾರೂ ನನ್ನ ನಂಬಲಿಲ್ಲ."

ಬಾನಿ

ದಸರೆಯ ಖಂಡೆ ಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ಉದ್ಯೋಗದ ಸಾಮಾನು ಪೂಜೆಗೆ ಇಡುತ್ತಾರೆ. ನಾನು ಕತ್ತರಿ, ಗಜಕೋಲು ಇಟ್ಟೆ. ಅಷ್ಟು ವರ್ಷ ಇಡಲು ಏನೂ ಇಲ್ಲದ ಮಾವ ಆ ವರ್ಷ ಹಡಗಿಟ್ಟರು. ಅತ್ತೆ ಸವತಿಗೆ ಕುಂಕುಮ ಹಚ್ಚಿದಳು. ಸಂಜೆ ಹಡಗನ್ನು ಹಿಡಿದುಕೊಂಡು ಮಾವ ಬಾವಿಯ ಕಡೆ ನಡೆದರು. ಅಲ್ಲಿ ದನ, ಕುರಿ ನೀರು ಕುಡಿಯುವ ಉದ್ದನೆಯ ಕಲ್ಲಿನ ಬಾನಿ ತುಂಬಿತ್ತು. ಹಿಂದೆ ಅರ್ಧ ಊರು, ಮುಂದೆ ಕುರಿಗಾರ ಅಜ್ಜ.

ಮಾವ ಬಾನಿಯ ಮೇಲೆ ಬಗ್ಗಿದರು. ಮುಳುಗಿದರೆ ಸಾಯುವತನಕ ಸುಳ್ಳುಗಾರ ಅನಿಸಿಕೊಳ್ಳಬೇಕು. ಮೆಲ್ಲಗೆ ಬಿಟ್ಟರು. ಹಡಗು ಒಂದು ಸಲ ವಾಲಿತು, ಮತ್ತೆ ನೆಟ್ಟಗಾಗಿ ತೇಲಿತು! ಜನ ಹೋ ಎಂದಿತು. ಮಾವ ನೆಟ್ಟಗೆ ನಿಂತು ಸಲಾಮು ಹೊಡೆದರು. ಅಜ್ಜನ ಕೈ ರುಮಾಲಿಗೆ ಹೋಯಿತು.

ಅಷ್ಟರಲ್ಲಿ ಅಜ್ಜನ ಹಿಂಡು ಮೇದು ಬಂತು. ಇಡೀ ದಿನದ ನೀರಡಿಕೆ. ಜನರ ಕಾಲಸಂದಿಯಿಂದಲೇ ನುಗ್ಗಿ ಬಾನಿಯ ಎರಡೂ ಕಡೆ ಬಾಯಿ ಹಾಕಿದವು. ನೋಡನೋಡುತ್ತಲೇ ಸಮುದ್ರ ಇಳಿಯಿತು, ಹಡಗು ತಳಕ್ಕೆ ಕೂತು ಮಗ್ಗುಲಾಯಿತು.

"ನೀರು ಹಾಕ್ರಿ! ಲಗೂನ ನೀರು ಹಾಕ್ರಿ!" ಮಾವ ಕೂಗಿದರು. ಹಗ್ಗ ಹಿಡಿದವನು ಬೇರೆ ಯಾರೂ ಅಲ್ಲ, ಅಜ್ಜನೇ! ಕೊಡದ ಮೇಲೆ ಕೊಡ ಸೇದಿ ಸುರುವಿದ. ಅವನು ಸುರುವಿದ್ದನ್ನು ಅವನ ಕುರಿಗಳೇ ಕುಡಿದವು. ಅವುಗಳ ಹೊಟ್ಟೆ ತುಂಬಿದ ಮೇಲೆಯೇ ಹಡಗು ಮತ್ತೆ ಎದ್ದದ್ದು.

ಬೆವರು ಸುರಿಸುತ್ತ ಬಂದ ಅಜ್ಜ ತನ್ನ ರುಮಾಲು ಬಿಚ್ಚಿ, ಎಲ್ಲರ ಮುಂದೆ ಮಾವನ ತಲೆಗೆ ಸುತ್ತಿದ. ಮಾವನ ಕಣ್ಣಲ್ಲಿ ನೀರು. ಅಜ್ಜ ಅವರ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ದೇವರು ಸಮುದ್ರದ ನೀರು ಉಪ್ಪ ಯಾಕ ಮಾಡ್ಯಾನ ಅಂತ ಇವತ್ತು ತಿಳೀತು ನೋಡಪಾ. ಸಿಹಿ ಇದ್ದಿದ್ರ ನಮ್ಮ ಕುರಿ ಎಲ್ಲಾ ಕುಡದು ಮುಗಸಿ, ನಿನ್ನ ಹಡಗ ನಡು ಯುದ್ಧದಾಗ ರಾಡ್ಯಾಗ ನಿಂತಿರತಿತ್ತು!"